ಆ ಹೆಸರು ಮೊದಲು ನೀನೇ ಕೇಳು

ಗುಂಗುರಿ,

ನೀನು ಏಳೋ ಹೊತ್ತಿಗೆ ನಾನು ಪಾರ್ಲರ್‌ನಲ್ಲಿರ್ತೀನಿ. ಈಗಷ್ಟೇ ದತ್ತು ಆಫೀಸಿನ ಮೇಡಂ ಫೋನ್ ಮಾಡಿದ್ರು. ನಿನ್ನ ಹೆತ್ತಮ್ಮ ಒಪ್ಪಿದಾರಂತೆ, ಹೆಸರು, ವಿಳಾಸ ಎರಡೂ ನಿನಗೆ ಕೊಡಬಹುದಂತೆ. ನಾನೇ ನೀನು ಅಂದ್ಕೊಂಡು ಹೆಸರು ಹೇಳೋಕೆ ಹೊರಟಿದ್ರು. "ತಡೀರಿ, ನಾನು ಅವಳಲ್ಲ, ಅವಳ ಅಮ್ಮ" ಅಂದುಬಿಟ್ಟೆ.

ಅಲ್ವೇ ಕಳ್ಳಿ, ನನಗೆ ಗೊತ್ತಾಗದ ಹಾಗೆ ಅರ್ಜಿ ಹಾಕಿದವಳು ಫೋನ್ ನಂಬರ್ ಮಾತ್ರ ನನ್ನದೇ ಬರೆದಿದ್ದೀಯಲ್ಲ! ಒಂದನೇ ಕ್ಲಾಸಿಂದ ಬಂದ ಅಭ್ಯಾಸ, ಎಲ್ಲಿ ಹೋಗುತ್ತೆ? ಮೊದಲು ಕೋಪ ಬಂತು, ಆಮೇಲೆ ನಗು ತಡೆಯೋಕಾಗಲಿಲ್ಲ.

ಮೇಡಂ ನಂಬರ್ ಫ್ರಿಜ್ ಮೇಲೆ ಅಂಟಿಸಿದ್ದೀನಿ. ತಿಂಡಿ ತಿಂದೇ ಫೋನ್ ಮಾಡು, ಖಾಲಿ ಹೊಟ್ಟೇಲಿ ಕೇಳೋ ಮಾತಲ್ಲ ಅದು. ಅಳು ಬಂದ್ರೆ ಪಾರ್ಲರ್‌ಗೆ ಬಾ, ಯಾರ ತಲೆ ನನ್ನ ಕೈಯಲ್ಲಿದ್ರೂ ಬಿಟ್ಟು ಬರ್ತೀನಿ.

ಇನ್ನೊಂದು ಮಾತು. ಅವರನ್ನ ನೋಡೋಕೆ ಹೋಗೋ ದಿನ ಜಡೆ ಹಾಕ್ಕೋಬೇಡ. ಊರವರ ತಲೆಯೆಲ್ಲ ಬಾಚೋ ನನಗೆ ನಿನ್ನ ಗುಂಗುರು ಕೂದಲೊಂದು ಇವತ್ತಿಗೂ ಬಗ್ಗಿಲ್ಲ, ಅದು ಅವರದ್ದೇ ಇರಬೇಕು. ಬಿಟ್ಕೊಂಡೇ ಹೋಗು. ಬಾಗಿಲು ತೆಗೆದ ಕೂಡಲೇ ಅವರಿಗೆ ಗುರುತು ಸಿಗಲಿ.

ಅಮ್ಮ