ಬೆಳ್ಳಿಯ ಮೈಗೆ ಹತ್ತಿದ ಡಾಂಬರು

ತಡಸ,
ತಾ. ೧೪-೩-೧೯೫೮, ಶುಕ್ರವಾರ

ಪ್ರೀತಿಯ ನಮ್ಮ ಮನೆಯವರಿಗೆ, ನಿಮ್ಮ ವೀರವ್ವ ಮಾಡುವ ಶರಣಾರ್ಥಿಗಳು.

ಮೊದಲು ನಿಮ್ಮ ಮೈ ಹೇಗಿದೆ ಅದನ್ನು ಬರೆಯಿರಿ. ಕೆಮ್ಮು ಕಡಿಮೆಯಾಗಿದೆಯೇ? ಸಂಜೆಯ ಜ್ವರ ಇನ್ನೂ ಬರುತ್ತದೆಯೇ? ದವಾಖಾನೆಯಲ್ಲಿ ದಿನಾಲು ತತ್ತಿ ತಿನ್ನಲು ಹೇಳಿದ್ದಾರೆ, ಏನು ಮಾಡಲಿ ಎಂದು ಹಿಂದಿನ ಪತ್ರದಲ್ಲಿ ಕೇಳಿದ್ದಿರಿ. ತಿನ್ನಿರಿ. ಔಷಧ ಎಂದು ಕಣ್ಣು ಮುಚ್ಚಿ ನುಂಗಿಬಿಡಿರಿ. ನಮ್ಮ ಮಠದ ಅಯ್ಯನವರಿಗೆ ನಾನೇನು ಹೇಳಲು ಹೋಗುವುದಿಲ್ಲ. ಗುಡ್ಡದ ಮೇಲೆ ಗಾಳಿ ಬಹಳ ಎಂದು ಬರೆದಿದ್ದೀರಿ, ಕಿವಿಗೆ ವಸ್ತ್ರ ಕಟ್ಟಿಕೊಳ್ಳುವುದನ್ನು ಮರೆಯಬೇಡಿರಿ.

ನಾನು ಆರಾಮ ಇದ್ದೇನೆ. ಹಾಗೆಂದು ಬರೆದರೆ ನೀವು ನಂಬುವುದಿಲ್ಲ ಎಂಬುದೂ ಗೊತ್ತಿದೆ. ದೀಪಾವಳಿ ಮುಗಿಸಿ ನೀವು ಬಸ್ಸು ಹತ್ತಿದ ಮೇಲೆ ನಮ್ಮ ಹೊಸ್ತಿಲು ದಾಟಿ ಯಾರೂ ಒಳಗೆ ಬಂದಿರಲಿಲ್ಲ. ಕ್ಷಯ ಎಂಬ ಹೆಸರೇ ಹಾಗೆ. ಜನ ಕೆಟ್ಟವರಲ್ಲ, ಹೆದರಿದ್ದಾರೆ. ಮೊಸರಿನ ಗುತ್ತೆವ್ವ ಕಟ್ಟೆಯ ಮೇಲೆ ಗಡಿಗೆ ಇಟ್ಟು, ದೂರ ಸರಿದು ನಿಂತು ಕೂಗುತ್ತಾಳೆ. ಬಾವಿಗೆ ನಾನು ಹೋದರೆ ಉಳಿದವರು ತಮ್ಮ ಕೊಡ ಆಚೆ ಸರಿಸಿಕೊಳ್ಳುತ್ತಾರೆ. ಬೇರೆಯವರ ಮಾತು ಬಿಡಿರಿ, ನಿಮ್ಮ ಅತ್ತಿಗೆ ಮಹಾದೇವಕ್ಕನವರೇ ಮಾತು ಬಿಟ್ಟಿದ್ದರು. ಎರಡೂ ಮನೆಗೆ ಗೋಡೆ ಒಂದೇ. ಅವರ ಒಗ್ಗರಣೆ ಚಟಪಟ ಅನ್ನುವುದು ನಮ್ಮ ಅಡುಗೆಮನೆಗೆ ಕೇಳುತ್ತದೆ. ಮೊದಲಾದರೆ ಹಿತ್ತಲಿನ ಮೋಟುಗೋಡೆಯ ಮೇಲಿಂದ "ಊಟ ಆತೇನಽ ವೀರವ್ವಾ?" ಎಂದು ಕೇಳದೆ ಅವರಿಗೆ ಮಧ್ಯಾಹ್ನ ಕಳೆಯುತ್ತಿರಲಿಲ್ಲ. ನೀವು ಹೋದ ಮೇಲೆ ನಾನು ಹಿತ್ತಲಿಗೆ ಬಂದರೆ ಅವರು ಒಳಗೆ ಹೋಗುತ್ತಿದ್ದರು. ಹೀಗಾಗಿ ನನಗೆ ಮಾತಾಡಲು ಉಳಿದದ್ದು ನಿಮ್ಮ ಬೆಳ್ಳಿ ಒಂದೇ. ಬೆಕ್ಕಿನ ಜೊತೆ ಮಾತಾಡುವವಳು ಎಂದು ನಗಬೇಡಿರಿ. ಅದು ಉತ್ತರ ಕೊಡದಿದ್ದರೂ ಮುಖ ನೋಡಿ ಕೇಳಿಸಿಕೊಳ್ಳುತ್ತದೆ.

ಆ ಬೆಳ್ಳಿಯದೇ ಒಂದು ದೊಡ್ಡ ಫಜೀತಿ ಆಯಿತು. ಹುಬ್ಬಳ್ಳಿ ರಸ್ತೆಗೆ ಡಾಂಬರು ಹಾಕುತ್ತಿದ್ದಾರೆ. ಪೀಪಾಯಿಗಳನ್ನು ಊರ ಹೊರಗಿನ ಬೇವಿನ ಗಿಡದ ಕೆಳಗೆ ಉರುಳಿಸಿದ್ದಾರೆ, ಬಿಸಿಲಿಗೆ ಅವು ಸೋರಿ ನೆಲದ ಮೇಲೆ ಕರಿ ಮಡುವಾಗಿದೆ. ಕಳೆದ ಸೋಮವಾರ ನಾನು ಜೋಳ ಹಸನು ಮಾಡುತ್ತ ಕೂತಿದ್ದಾಗ ಬೆಳ್ಳಿ ಕುಂಟುತ್ತ ಬಂತು. ಮೊದಲು ಯಾರದೋ ಬೇರೆ ಬೆಕ್ಕು ಎಂದುಕೊಂಡೆ. ಹಾಲಿನಂಥ ಮೈ ಒಂದು ಮಗ್ಗುಲು ಪೂರ್ತಿ ಕರ್ರಗೆ, ಒಂದು ಕಿವಿ ಮಡಚಿ ಅಂಟಿಕೊಂಡಿದೆ, ಮುಂಗಾಲಿನ ಬೆರಳುಗಳೆಲ್ಲ ಕೂಡಿಕೊಂಡು ಅದಕ್ಕೆ ಮಣ್ಣು, ಹೊಟ್ಟು, ಕಸ ಮೆತ್ತಿಕೊಂಡಿದೆ. ಕಣಜದ ಸಂದಿಯಲ್ಲಿ ಹೊಕ್ಕು ಮೈ ನೆಕ್ಕತೊಡಗಿತು. ಆ ಹೊಲಸು ಹೊಟ್ಟೆಗೆ ಹೋದರೆ ಅದು ಉಳಿಯಲಿಕ್ಕಿಲ್ಲ. ಹಳೆಯ ಕೌದಿಯ ತುಂಡಿನಲ್ಲಿ ಅದನ್ನು ಸುತ್ತಿ, ತಲೆಯಷ್ಟು ಹೊರಗೆ ಬಿಟ್ಟು ಎದೆಗೆ ಅವಚಿಕೊಂಡು ಹಿತ್ತಲಿಗೆ ಬಂದೆ. ಅದು ಕಿರುಚಿದ್ದು ಕೇಳಿ ಮಹಾದೇವಕ್ಕನವರು ಗೋಡೆಯಾಚೆ ಎದ್ದು ನಿಂತರು. ನೋಡಿ, ಒಳಗೆ ಹೋಗಿ ಒಂದು ಬಾಟಲಿ ತಂದು ಗೋಡೆಯ ಮೇಲೆ ಇಟ್ಟರು. "ಚಿಮಣಿ ಎಣ್ಣಿ ಐತಿ. ಹಾಕಿ ತಿಕ್ಕು, ಒಂದ ಗಳಿಗ್ಯಾಗ ಬಿಡತೈತಿ" ಎಂದರು.

ಕೈ ಮುಂದೆ ಹೋಗಿತ್ತು. ಆಗ ನಿಮ್ಮ ನೆನಪಾಯಿತು. ಆ ವರ್ಷ ಗಾಡಿಯ ಕೀಲೆಣ್ಣೆ ಕರುವಿನ ಬಾಲಕ್ಕೆ ಹತ್ತಿದಾಗ ನಾನೂ ಇದನ್ನೇ ತಂದಿದ್ದೆ, ನೀವು ಬೈದಿದ್ದಿರಿ. "ಚಿಮಣಿ ಎಣ್ಣಿ ತೊಗಲು ಸುಡತೈತಿ, ನೆಕ್ಕಿತಂದ್ರ ವಿಷ. ತಿನ್ನೋ ಎಣ್ಣಿ ತಾ" ಎಂದು. ನಿಮ್ಮ ದನಿ ಹಿತ್ತಲಿನಲ್ಲಿಯೇ ಕೇಳಿದಂತಾಯಿತು. "ಬ್ಯಾಡ್ರಿ ಅಕ್ಕಾ, ಮನ್ಯಾಗ ಕುಸುಬಿ ಎಣ್ಣಿ ಐತಿ. ಆದರ ನಂದು ಒಂದಽ ಕೈ ಆಗೇತಿ. ಒಂದೀಟು ಬಂದು ಹಿಡೀರಿ" ಎಂದುಬಿಟ್ಟೆ. ಇಷ್ಟು ತಿಂಗಳಲ್ಲಿ ನಾನು ಯಾರಿಂದಲೂ ಏನನ್ನೂ ಬೇಡಿರಲಿಲ್ಲ. ಅವರ ಸೆರಗು ಬಾಯಿಗೆ ಹೋಯಿತು, ಆಮೇಲೆ ಗೋಡೆಯ ಆಚೆ ಕಾಣಲಿಲ್ಲ. ನಾನು ಆ ಬರಿಯ ಹಿತ್ತಲಿನಲ್ಲಿ ಬೆಕ್ಕನ್ನು ತೊಡೆಯ ಮೇಲೆ ಒತ್ತಿ ಹಿಡಿದು ಕುಳಿತೆ. ಎಣ್ಣೆ ತರಲು ಎದ್ದರೆ ಅದು ಓಡುತ್ತದೆ, ಏಳದಿದ್ದರೆ ಕೆಲಸ ಆಗುವುದಿಲ್ಲ. ಅಳು ಬಂತು. ನಿಮ್ಮನ್ನು ಬಸ್ಸು ಹತ್ತಿಸಿದ ದಿನವೂ ನಾನು ಹಾಗೆ ಅತ್ತಿರಲಿಲ್ಲ.

ಅಷ್ಟರಲ್ಲಿ ಮುಂಬಾಗಿಲ ಚಿಲಕ ಸದ್ದಾಯಿತು. ಮಹಾದೇವಕ್ಕನವರು ಮೂಗು ಬಾಯಿ ಮುಚ್ಚುವಂತೆ ಸೆರಗು ಬಿಗಿದುಕೊಂಡು, ಪಡಸಾಲೆ ದಾಟಿ, ನೇರ ಅಡುಗೆಮನೆಗೆ ಹೋಗಿ ಎಣ್ಣೆಯ ಗಿಂಡಿ ತಂದರು. ಯಾವ ವಸ್ತು ಎಲ್ಲಿದೆ ಎಂದು ಕೇಳಬೇಕಾಗಿರಲಿಲ್ಲ, ಕೂಡು ಮನೆಯಲ್ಲಿದ್ದಾಗ ಅವರೇ ಜೋಡಿಸಿದ ಗೂಡಲ್ಲವೇ ಅದು. ಎದುರಿಗೆ ಕೂತು ಬೆಳ್ಳಿಯ ಕುತ್ತಿಗೆ ಮತ್ತು ಕಾಲು ಹಿಡಿದರು. ನಾನು ಎಣ್ಣೆಯಲ್ಲಿ ಬೆರಳು ಅದ್ದಿ ಕೂದಲಿನ ಬುಡದ ತನಕ ಮೆಲ್ಲಗೆ ತೀಡಿದೆ. ಡಾಂಬರು ಒಮ್ಮೆಲೆ ಬಿಡುವುದಿಲ್ಲ, ಎಣ್ಣೆ ಕುಡಿದು ಮೆತ್ತಗಾಗುವ ತನಕ ಕಾಯಬೇಕು. ಹಳೆಯ ಧೋತರದ ಚಿಂದಿಯಿಂದ ಒರೆಸಿ, ಮತ್ತೆ ಹಚ್ಚಿ, ಮತ್ತೆ ಒರೆಸಿದೆ. ಎಳೆಯಲು ಹೋದರೆ ತೊಗಲೇ ಬರುತ್ತಿತ್ತು. ಕಾಲಿನ ಬೆರಳು ಒಂದೊಂದಾಗಿ ಬಿಡಿಸಿದ್ದಾಯಿತು, ಕಿವಿಯ ಅಂಚಿಗೆ ಅರಿವೆಯ ಬತ್ತಿ ಮಾಡಿ ಒರೆಸಿದೆ, ಒಳಗೆ ಎಣ್ಣೆ ಇಳಿಯಗೊಡಲಿಲ್ಲ. ಹೊಟ್ಟೆಯ ಹತ್ತಿರ ಗಟ್ಟಿ ಗಂಟಾಗಿದ್ದ ಕಡೆ ಮಾತ್ರ ಕೂದಲಿನ ಅಡಿ ಬಾಚಣಿಗೆ ಇಟ್ಟು, ಅದರ ಮೇಲೆ ಕತ್ತರಿ ಆಡಿಸಿದೆವು. ಮೈಗೆ ಕತ್ತರಿ ತಾಕಲಿಲ್ಲ. ನಡುವೆ ಬೆಳ್ಳಿ ಜಿಗಿದು ಮಹಾದೇವಕ್ಕನವರ ಮುಂಗೈ ಪರಚಿತು. "ಹಾಳಾಗಿ ಹೋಗ, ನಿನ್ನ ಸಲುವಾಗಿ ಬಂದೇನಿ, ನನಗಽ ಪರಚ್ತೀ?" ಎಂದು ಅವರು ಅದನ್ನು ಬೈದರು, ಬೈಯುತ್ತ ನಕ್ಕರು. ಸೆರಗು ಜಾರಿತ್ತು. ಆಮೇಲೆ ಅವರು ಅದನ್ನು ಬಾಯಿಗೆ ಏರಿಸಲೇ ಇಲ್ಲ. ನನಗೆ ಬೆಕ್ಕಿನ ಮೇಲಿನ ಲಕ್ಷ್ಯವೇ ತಪ್ಪಿತು. ಹತ್ತಿರದಿಂದ ಮನುಷ್ಯರೊಬ್ಬರ ಪೂರ್ತಿ ಮುಖ ನೋಡಿ ಎಷ್ಟು ದಿನವಾಗಿತ್ತು!

ಕೊನೆಗೆ ಎಣ್ಣೆಯ ಜಿಡ್ಡಿಗೆ ಕಡಲೆಹಿಟ್ಟು ಹಚ್ಚಿ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಒಣ ಅರಿವೆಯಲ್ಲಿ ಒರೆಸಿ ಒಲೆಯ ಮುಂದೆ ಕೂರಿಸಿದೆವು. ತೊಯ್ದ ಬೆಕ್ಕು ಎಷ್ಟು ಸಣ್ಣದಾಗಿ ಕಾಣುತ್ತದೆ! ಮಹಾದೇವಕ್ಕನವರು ಕೈ ತೊಳೆದುಕೊಂಡರು. ಇನ್ನು ಹೊರಡುತ್ತಾರೆ ಎಂದು ನಾನು ದಾರಿ ಬಿಟ್ಟು ನಿಂತೆ. ಅವರು ಒಲೆಯ ಹತ್ತಿರ ಮಣೆ ಎಳೆದುಕೊಂಡು ಕೂತು, "ಚಾಪುಡಿ ಐತೇನ ಮನ್ಯಾಗ?" ಎಂದರು. ನಮ್ಮ ಮನೆಯ ಬಟ್ಟಲಿನಲ್ಲಿಯೇ ಚಹಾ ಕುಡಿದರು. ಕುಡಿಯುತ್ತ, ನನ್ನ ಕಡೆ ನೋಡದೆ, "ಸಣ್ಣಪ್ಪ ಹ್ಯಾಂಗ ಅದಾನ?" ಎಂದು ಕೇಳಿದರು. ನಿಮ್ಮನ್ನು ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹೆಸರು. ನಾನು ಹೇಳಲು ಶುರು ಮಾಡಿದೆ, ಅವರು ಬಟ್ಟಲು ಕೆಳಗಿಟ್ಟು ಕಣ್ಣೊರೆಸಿಕೊಂಡರು. "ನಾ ಮದಿವ್ಯಾಗಿ ಬಂದಾಗ ನನ್ನ ಕೈಲೆ ಉಣ್ಣತಿದ್ದ ಹುಡುಗ" ಎಂದಷ್ಟೇ ಅಂದರು.

ಎಲ್ಲ ಸರಿಹೋಯಿತು ಎಂದು ತಿಳಿಯಬೇಡಿರಿ. ನಿಮ್ಮ ಅಣ್ಣ ಮಹಾಲಿಂಗಪ್ಪನವರು ಆ ಸಂಜೆ ಆಚೆ ಮನೆಯಲ್ಲಿ ಕೂಗಾಡಿದ್ದು ನನಗೆ ಕೇಳಿತು. ಮಹಾದೇವಕ್ಕನವರು ಮತ್ತೆ ಒಳಗೆ ಬಂದಿಲ್ಲ. ಆದರೆ ಗೋಡೆಯ ಮೇಲಿಂದ "ಊಟ ಆತೇನ?" ಎನ್ನುವುದು ತಿರುಗಿ ಶುರುವಾಗಿದೆ. ಬೆಳ್ಳಿ ಮರುದಿನ ಏನೂ ಮುಟ್ಟದೆ ಮುದುಡಿ ಬಿದ್ದಿತ್ತು, ಹೆದರಿದ್ದೆ. ಬುಧವಾರ ತಾನಾಗಿಯೇ ಎದ್ದು ಹಾಲು ಕುಡಿಯಿತು. ಹೊಟ್ಟೆಯ ಹತ್ತಿರ ಬೋಳಾಗಿದೆ, ನೋಡಿದರೆ ನಗು ಬರುತ್ತದೆ.

ವೇಳೆಗೆ ಸರಿಯಾಗಿ ಔಷಧ ತೆಗೆದುಕೊಳ್ಳಿರಿ. ನಿಮ್ಮ ಪಕ್ಕದ ಹಾಸಿಗೆಯ ಹೂವಪ್ಪನವರಿಗೂ ನನ್ನ ಶರಣು ಹೇಳಿರಿ. ಗುರು ಬಸವೇಶ್ವರ ನಿಮ್ಮ ಬೆನ್ನಿಗಿರಲಿ.

ನಿಮ್ಮವಳು,
ವೀರವ್ವ

ತಾ. ಕ.: ಟಪಾಲಿನವನು ಕಟ್ಟೆಯ ಹತ್ತಿರ ಬಂದಿದ್ದಾನೆ, ಬೇಗ ಬೇಗ ಬರೆಯುತ್ತಿದ್ದೇನೆ. ನಿನ್ನೆ ಚಿಕ್ಕೇರೂರಿನಿಂದ ನಮ್ಮಣ್ಣ ಕರಬಸಪ್ಪ ಬಂದಿದ್ದ. ನೀವೇ ಹೇಳಿಕಳಿಸಿದಿರಂತೆ, ವೀರವ್ವನನ್ನು ತವರಿಗೆ ಕರೆದೊಯ್ದು ಬೇರೆ ಗಂಡನಿಗೆ ಉಡಕಿ ಮಾಡಿಕೊಡು, ನಾನು ತಿರುಗಿ ಬರುವವನಲ್ಲ ಎಂದು. ಅಣ್ಣನಿಗೆ ರೊಟ್ಟಿ ಬಡಿದು ಹಾಕಿ, ಸಂಜೆ ಬಸ್ಸಿಗೆ ಒಬ್ಬನನ್ನೇ ಕಳಿಸಿದೆ. ಅಂಥ ಮಾತು ಇನ್ನೊಮ್ಮೆ ಯಾರ ಕೈಲೂ ಹೇಳಿಕಳಿಸಬೇಡಿರಿ. ಯುಗಾದಿ ಮುಗಿಯುತ್ತಲೇ ನಾನು ಅಲ್ಲಿಗೆ ಬರುತ್ತೇನೆ. ಒಳಗೆ ಬಿಡದಿದ್ದರೆ ಅಂಗಳದಲ್ಲಿಯೇ ಇರುತ್ತೇನೆ. ನೀವು ಎದ್ದು ಬರುವುದು ಬೇಡ, ಕಿಟಕಿಯಿಂದ ಮುಖ ತೋರಿಸಿದರೆ ಸಾಕು.