ಉಸಿರು ಕೊಟ್ಟ ಮರಿಗಳು

ತಾರೀಕು ಹದಿನಾಲ್ಕು
ಭಾನುವಾರ, ಮಧ್ಯಾಹ್ನ

ಮಗಳೇ,

ನೀನು, ಅಳಿಯಂದಿರು, ಗುಬ್ಬಿ ಮೂವರೂ ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ. ಗುಬ್ಬಿಯ ಜ್ವರ ಪೂರ್ತಿ ಇಳಿದು ಸ್ಕೂಲಿಗೆ ಹೋಗುತ್ತಿದ್ದಾಳೆಂದು ನಿಮ್ಮ ಪಕ್ಕದ ಮನೆಯ ಟೈಲರಮ್ಮ ಫೋನಿನಲ್ಲಿ ಹೇಳಿದರು. ದೇವರಿಗೆ ಅವತ್ತೇ ಕೈ ಮುಗಿದೆ. ಕಾಗದ ಬರೆಯಲು ಆರು ವಾರ ತಡವಾಯಿತು, ಬೈಯಬೇಡ. ಫೋನು ಮಾಡಬಹುದಿತ್ತಲ್ಲ ಅಂತೀಯ. ಫೋನಿನಲ್ಲಿ ನಾನು ವಿಷಯಕ್ಕೆ ಬರುವಷ್ಟರಲ್ಲಿ ನಿನ್ನ ಕುಕ್ಕರ್ ಕೂಗುತ್ತದೆ. ಕಾಗದವಾದರೆ ನಡುವೆ ಬಾಯಿ ಹಾಕುವವರಿಲ್ಲ.

ಮೊದಲು ಒಳ್ಳೆಯ ಸುದ್ದಿ. ನಿನ್ನೆ ನಮ್ಮ ಹಂದಿ ಫಾರಮ್ಮಿನ ಗೇಟು ತೆರೆಯಿತು. ಇನ್ನೂರ ನಲವತ್ತು ಹಂದಿಗಳೂ ಬದುಕಿವೆ. ಹಿಂದುಗಡೆ ಅವುಗಳಿಗೆಂದು ತೋಡಿದ್ದ ಗುಂಡಿಯನ್ನು ಹಾಗೇ ಮುಚ್ಚಿಸಿದರು. ಮೊದಲ ಸಲಿಕೆ ಮಣ್ಣು ನಾನೇ ಹಾಕಿದೆ.

ನಡೆದದ್ದು ಹೇಳುತ್ತೇನೆ. ನಿಮ್ಮ ಮನೆಯಿಂದ ನಾನು ವಾಪಸು ಬಂದ ವಾರವೇ ಹಂದಿಗಳು ಕೆಮ್ಮಲು ಶುರುಮಾಡಿದವು. ಮೊದಲು ಹೆರಿಗೆ ಶೆಡ್ಡಿನ ಮರಿಗಳು, ಆಮೇಲೆ ತಾಯಂದಿರು, ಆಮೇಲೆ ಆಚೆ ಶೆಡ್ಡಿನವು. ಬೆಳಿಗ್ಗೆ ಬಾಗಿಲು ತೆಗೆದರೆ ಮುದುಕರು ತುಂಬಿದ ಬಸ್ಸಿನ ಹಾಗೆ ಕೇಳುತ್ತಿತ್ತು. ಅಷ್ಟರಲ್ಲಿ ಕೆಲಸದವರಾದ ನಾವೂ ಐದು ಜನ ಕೆಮ್ಮುತ್ತಿದ್ದೆವು. ಊರಲ್ಲಿ ಸುದ್ದಿ ಹಬ್ಬಿತು, ಹಂದಿ ರೋಗ ಮನುಷ್ಯರಿಗೆ ಹತ್ತಿದೆ ಅಂತ. ನಮ್ಮ ಲಾರಿ ಡ್ರೈವರ್, ಅದೇ ದೊಡ್ಡ ದನಿಗೆ ನಾವು ಗಂಟಲು ಅಂತ ಕರೆಯುವವನು, ಕೂದಲು ಕತ್ತರಿಸಿಕೊಳ್ಳಲು ಹೋದರೆ ಕ್ಷೌರದವನು ಮೆಟ್ಟಿಲನ್ನೂ ಹತ್ತಿಸಲಿಲ್ಲ.

ಪಶು ಇಲಾಖೆಯ ಸಾಹೇಬರು ಬಂದರು. ಹಂದಿಗಳ ಮೂಗಿನಿಂದಲೂ ನಮ್ಮ ಮೂಗಿನಿಂದಲೂ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆದುಕೊಂಡು ಹೋದರು. ಎರಡರಲ್ಲೂ ಫ್ಲೂ ವೈರಸ್ ಇದೆ ಎಂದು ವರದಿ ಬಂತು. ಯಾರಿಂದ ಯಾರಿಗೆ ಎಂದು ಅದರಲ್ಲಿ ಇರಲಿಲ್ಲ. ಸಾಹೇಬರು, "ಹಂದಿಯಿಂದ ಮನುಷ್ಯರಿಗೆ ದಾಟೋ ಹೊಸ ಜಾತಿ ಆಗಿದ್ರೆ ಒಂದನ್ನೂ ಉಳಿಸೋಕಾಗಲ್ಲ. ಊರು ಉಳೀಬೇಕಲ್ಲ," ಎಂದರು. ಅವರ ಮಾತೂ ತಪ್ಪಲ್ಲ. ಗೇಟು ಹಾಕಿಸಿ ನಮ್ಮೈವರನ್ನು ಒಳಗೇ ಇರಿಸಿದರು. ಮರುದಿನ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ಗುಂಡಿ ತೋಡಿದರು.

ನಮ್ಮ ಡಾಕ್ಟರಮ್ಮ, ಪ್ರಾಣಿಗಳ ಡಾಕ್ಟರು, ನಿನಗಿಂತ ಎರಡು ವರ್ಷ ಚಿಕ್ಕವಳಿರಬಹುದು, ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಕೇಳಿದಳು. "ಮೊದಲು ಕೆಮ್ಮಿದ್ದು ಯಾರು?"

"ಹಂದಿ," ಎಂದ ಗಂಟಲು.

"ಹಂದಿಗಳೇ," ಎಂದರು ಉಳಿದವರು.

ನಾನೂ ತಲೆ ಆಡಿಸಿದೆ, ಮಗಳೇ. ಸುಳ್ಳು. ನಮ್ಮ ಶೆಡ್ಡಿನ ಬಾಗಿಲಲ್ಲಿ ಬೋರ್ಡು ಇದೆ, ಕೆಮ್ಮು ನೆಗಡಿ ಇದ್ದವರು ಒಂದು ವಾರ ಒಳಗೆ ಬರಬಾರದು ಅಂತ. ದಿನಾ ಓದುತ್ತೇನೆ. ಆದರೆ ನನಗೆ ಕೆಮ್ಮು ಶುರುವಾದ ದಿನವೇ ಅತ್ತೆ ಮರಿ ಹಾಕುವ ದಿನ. ಅತ್ತೆ ಅಂದರೆ ನಮ್ಮ ದೊಡ್ಡ ಹೆಣ್ಣುಹಂದಿ. ಏನು ಹಾಕಿದರೂ ಮೂಗು ಮುರಿಯುತ್ತದೆ, ಅದಕ್ಕೇ ಆ ಹೆಸರು. ನಾನಿಲ್ಲದಿದ್ದರೆ ಮರಿಗಳ ಮೇಲೇ ಮಲಗಿಬಿಡುತ್ತದೆ. ಹಾಗಾಗಿ ಗಂಟಲು ನೋವನ್ನು ಬಿಸಿನೀರಲ್ಲಿ ನುಂಗಿಕೊಂಡು ಒಳಗೆ ಹೋದೆ.

ಹದಿಮೂರು ಮರಿ ಹುಟ್ಟಿದವು. ಅದರಲ್ಲಿ ಮೂರಕ್ಕೆ ಉಸಿರಿರಲಿಲ್ಲ. ನಾನು ಹಾಗೆ ಬಿಡುವವಳಲ್ಲ, ನಿನಗೆ ಗೊತ್ತು. ಮೂತಿ ಒರೆಸಿ, ಮಾಸ್ಕ್ ಕೆಳಗಿಳಿಸಿ, ಬಾಯಿಂದ ಊದಿದೆ. ಮೂರೂ ಮರಿಗಳು ಕಾಲು ಝಾಡಿಸಿದವು. ರಿಜಿಸ್ಟರಿನಲ್ಲಿ ಯಾವತ್ತಿನ ಹಾಗೆ ಆ ಮೂರರ ಎದುರು ಸೊನ್ನೆ ಹಾಕಿದೆ. ಸೊನ್ನೆ ಅಂದರೆ ನನ್ನ ಉಸಿರು ಕೊಟ್ಟದ್ದು ಎಂದು ಗುರುತು. ಬೇರೆ ಯಾರಿಗೂ ಅದರ ಅರ್ಥ ತಿಳಿಯದು.

ಗುಂಡಿ ತೋಡಿದ ಸಂಜೆ ಆ ಪುಟ ತೆಗೆದು ನೋಡಿದೆ. ಮೊದಲು ಸೀನಿದ್ದು ಯಾವ ಮರಿಗಳು? ಆ ಮೂರು ಸೊನ್ನೆಗಳೇ. ಮೊಣಕಾಲೂರಿ, ದೇವರೇ ನನ್ನ ಕೆಲಸ ಹೋದರೂ ಹೋಗಲಿ, ನನ್ನ ಬಾಯಿ ಮಾತ್ರ ಕಟ್ಟಬೇಡ ಎಂದು ಬೇಡಿಕೊಂಡೆ. ಬೆಳಿಗ್ಗೆ ರಿಜಿಸ್ಟರ್ ಹಿಡಿದು ಡಾಕ್ಟರಮ್ಮನ ಎದುರು ನಿಂತೆ.

"ಬಾಯಿಂದಾನಾ ಊದೋದು?" ಎಂದಳು.

"ಇಪ್ಪತ್ತೆರಡು ವರ್ಷದಿಂದ ಬಾಯಿಂದಾನೇ."

"ಅವತ್ತು ಕೆಮ್ಮು ಇತ್ತಾ?"

"ಇತ್ತು. ಮುಚ್ಚಿಟ್ಟೆ. ಮೊದಲು ಕೆಮ್ಮಿದವಳು ನಾನು, ಹಂದಿಗಳಲ್ಲ."

ಅವಳು ಬೂಸಾ ಬಕೆಟ್ಟನ್ನು ಬೋರಲು ಹಾಕಿ ಕೂತೇಬಿಟ್ಟಳು. "ಅಮ್ಮಾ, ಇದನ್ನ ಮೊದಲೇ ಹೇಳಿದ್ರೆ ಸಾಹೇಬರ ಹತ್ರ ಜಗಳ ಆಡೋಕೆ ನನ್ನ ಕೈಲೂ ಏನಾದ್ರೂ ಇರ್ತಿತ್ತಲ್ಲ," ಎಂದಳು. ಬೈಯುತ್ತಾಳೆಂದುಕೊಂಡಿದ್ದೆ. ನಗುತ್ತಿದ್ದಳು. ಆಮೇಲೆ ಗಂಟಲೂ ಬಾಯಿಬಿಟ್ಟ. ನನಗೆ ಬಂದ ಮರುದಿನವೇ ಅವನಿಗೂ ಹತ್ತಿತ್ತಂತೆ, ಬೋರ್ಡಿಗೆ ಹೆದರಿ ಸುಮ್ಮನಿದ್ದನಂತೆ.

ಊರ ಆಸ್ಪತ್ರೆಗೆ ಆ ತಿಂಗಳು ಬಂದ ನೆಗಡಿಯವರ ಮಾದರಿಗಳ ಜೊತೆ ನಮ್ಮ ಹಂದಿಗಳದ್ದನ್ನು ಹೋಲಿಸಿ ನೋಡಿ ಎಂದು ಡಾಕ್ಟರಮ್ಮ ಲ್ಯಾಬಿಗೆ ಬರೆದಳು. ಉತ್ತರ ಬರಲು ಹದಿನೆಂಟು ದಿನ. ಅಷ್ಟು ದಿನವೂ ಬೂಸಾ ಹಾಕಲು ಹೋದಾಗೆಲ್ಲ ಕಿಟಕಿಯಿಂದ ಗುಂಡಿ ಕಾಣುತ್ತಿತ್ತು. ಅತ್ತೆ ಮಾತ್ರ ಏನೂ ಗೊತ್ತಿಲ್ಲದೆ ಬಕೆಟ್ಟಿಗೆ ಮೂಗು ಮುರಿಯುತ್ತಲೇ ಇತ್ತು. ಒಂದೊಂದಾಗಿ ಕೆಮ್ಮು ನಿಂತು ಎಲ್ಲವೂ ಮೇವಿಗೆ ಬಂದವು.

ಮೊನ್ನೆ ಸಾಹೇಬರು ಊರವರನ್ನು ಗೇಟಿನಾಚೆ ಸೇರಿಸಿ ತಾವೇ ಓದಿದರು. ಹಂದಿಗಳಲ್ಲಿ ಇರುವುದು ಊರಲ್ಲೇ ಎಲ್ಲರಿಗೂ ಬಂದ ನೆಗಡಿ, ಹೊಸದೇನಲ್ಲ, ಮನುಷ್ಯರಿಂದ ಹಂದಿಗೆ ಹೋದದ್ದು, ಹಂದಿಗಳನ್ನು ಕೊಲ್ಲುವ ಅಗತ್ಯವಿಲ್ಲ. ಆಮೇಲೆ ಗಂಟಲು ಕೂಗಿದ ಕೂಗಿಗೆ ಹಂದಿಗಳೆಲ್ಲ ಎದ್ದು ನಿಂತವು. ನಾನು ಶೆಡ್ಡಿಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆಯ ಬೆನ್ನ ಮೇಲೆ ಅತ್ತುಬಿಟ್ಟೆ. ಅದು ನನ್ನನ್ನೇ ತಳ್ಳಿತು.

ನಿನ್ನೆ ಅದೇ ಕ್ಷೌರದವನು ಗಂಟಲನ್ನು ತಾನೇ ಕರೆದು ಕೂರಿಸಿದ. "ನಿನ್ನಿಂದ ಹಂದಿಗೆ ಬರುತ್ತಂತೆ. ನಂಗೇನಾದ್ರೂ ಬಂದ್ರೆ ನಾನೂ ಹಂದಿ ಅಂತ ಲೆಕ್ಕ. ಆ ಕಡೆ ತಿರುಗಿ ಕೂತ್ಕೋ," ಎಂದನಂತೆ.

ನನ್ನ ಕೆಲಸ ಹೋಗಲಿಲ್ಲ. ಯಜಮಾನರು ಬೋರ್ಡಿನ ಕೆಳಗೆ ಇನ್ನೊಂದು ಸಾಲು ಬರೆಸಿದ್ದಾರೆ, ಕೆಮ್ಮು ಎಂದು ಹೇಳಿದವರನ್ನು ಯಾರೂ ಬೈಯುವಂತಿಲ್ಲ ಎಂದು. ಮರಿಗಳಿಗೆ ಊದಲು ಕೈಯಲ್ಲಿ ಅದುಮುವ ರಬ್ಬರ್ ಚೀಲ ತರಿಸಿಕೊಟ್ಟಿದ್ದಾರೆ. ನಿನ್ನೆ ರಾತ್ರಿ ಅದರಲ್ಲೇ ಒಂದು ಮರಿ ಉಳಿಸಿದೆ. ರಿಜಿಸ್ಟರಿನಲ್ಲಿ ಸೊನ್ನೆ ಹಾಕಲು ಕೈ ಬರಲಿಲ್ಲ, ಚೌಕ ಹಾಕಿದೆ. ಆ ಮೂರು ಸೊನ್ನೆಗಳು ಈಗ ನನ್ನ ಚಪ್ಪಲಿ ಕಚ್ಚುವಷ್ಟು ಬೆಳೆದಿವೆ.

ದೇವರು ನಿನ್ನ ಮನೆಯ ಹೊಸಿಲು ಕಾಯಲಿ. ಗುಬ್ಬಿಗೆ ನನ್ನ ಎರಡು ಮುತ್ತು, ಒಂದೊಂದು ಕೆನ್ನೆಗೆ.

ನಿನ್ನ ಅಮ್ಮ

ಮತ್ತೆ ಒಂದು ಮಾತು: ಡಾಕ್ಟರಮ್ಮ ಕೊನೆಗೆ ಕೇಳಿದ್ದಳು, ನಿಮಗೆ ಎಲ್ಲಿಂದ ಹತ್ತಿತು ಎಂದು. ಬಸ್ಸಿನಲ್ಲಿ ಎಂದೆ. ಆ ಸುಳ್ಳಿಗೆ ದೇವರ ಹತ್ತಿರ ಕ್ಷಮೆ ಕೇಳಿದ್ದೇನೆ, ಆದರೂ ಮತ್ತೆ ಕೇಳಿದರೆ ಅದನ್ನೇ ಹೇಳುತ್ತೇನೆ. ಆ ಭಾನುವಾರ ನಾನು ನಿಮ್ಮ ಮನೆಗೆ ಬಂದಾಗಲೇ ಗುಬ್ಬಿಯ ಮೂಗು ಸೋರುತ್ತಿತ್ತು. ನನ್ನ ತೊಡೆಯ ಮೇಲೆ ಮಲಗಿ ಮುಖಕ್ಕೇ ಸೀನಿ ನಕ್ಕಳಲ್ಲ, ನೀನೇ ಒರೆಸಿದೆ. ಸೋಮವಾರ ಜ್ವರ ಏರಿದಾಗ ಅಳಿಯಂದಿರು, "ಹಂದಿ ಫಾರಮ್ಮಿಂದ ಬಂದಿದ್ದು ಇದು," ಎಂದರು. ನೀನು ಅಡುಗೆಮನೆ ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡೆ. ಆಮೇಲೆ ನೀಲಿ ಲೋಟದಲ್ಲಿ ನೀರು ತಂದು ಹೊಸಿಲ ಹತ್ತಿರ ಇಟ್ಟು, "ಅಮ್ಮ, ಇದು ನಿನಗೆ," ಎಂದೆ. ಯಾರಿಂದ ಯಾರಿಗೆ ಎನ್ನುವುದು ಹಂದಿಗಳ ಜೀವ ಉಳಿಯಲು ಬೇಕಿತ್ತು, ನಮಗೆ ಬೇಡ. ಮಗುವಿಗೆ ಯಾವತ್ತೂ ಹೇಳಬೇಡ. ಮುಂದಿನ ಭಾನುವಾರ ಹತ್ತು ಗಂಟೆ ಬಸ್ಸಿಗೆ ಬರುತ್ತೇನೆ. ಅಷ್ಟರಲ್ಲಿ ಆ ನೀಲಿ ಲೋಟವನ್ನು ಒಳಗೆ, ಉಳಿದ ಲೋಟಗಳ ಜೊತೆ ಇಟ್ಟಿರು.