ಬ್ಯಾಟರಿ ಬದಲಿಸಿದ ಎರಡು ನಿಮಿಷ

ಮೇ 28, ಬೆಳಿಗ್ಗೆ 8
ಅಂಗಡಿ ತೆಗೆದೆ. ಡೈವರ್‌ಗಳು ನೀರಡಿ ಉಸಿರಾಡುವ ರೆಗ್ಯುಲೇಟರ್ ಎರಡು ರಿಪೇರಿಗೆ ಬಂದಿವೆ. ತಮ್ಮ ಸಾಕೆಲ್ಲಾರಿಸ್ ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದು ಅಂತ ಹೇಳುವ ಹೊಸ ಡೈವ್ ಕಂಪ್ಯೂಟರ್ ಕೈಗೆ ಕಟ್ಟಿಕೊಂಡು ಮೆರೆಯುತ್ತಿದ್ದಾನೆ. ಬ್ಯಾಟರಿ ಒಳಗೇ ಕೂತಿದೆ, ಮುಚ್ಚಳವೇ ಇಲ್ಲ, ಚಾರ್ಜಿಗೆ ಹಾಕಿದರಾಯಿತು. ನನ್ನದು ಬಿಲ್ಲೆ ಬ್ಯಾಟರಿಯ ಹಳೇ ಮಾಡೆಲ್. ಅದನ್ನು ಮ್ಯೂಸಿಯಂಗೆ ಕೊಡಬೇಕಂತೆ. ಚಾರ್ಜ್ ಮರೆತ ದಿನ ನನ್ನ ಹತ್ತಿರವೇ ಬರುತ್ತೀಯ ಅಂದೆ. ನಮ್ಮ ಕಲಿಮ್ನೋಸ್ ದ್ವೀಪದಲ್ಲಿ ಇಷ್ಟಕ್ಕೂ ಜಗಳ.

ಜೂನ್ 9, ಮಧ್ಯಾಹ್ನ 1, ದೋಣಿಯಲ್ಲಿ
ಬಂದೇ ಬಂದ! ಚಾರ್ಜ್ ಮರೆತಿದ್ದಾನೆ. ಬೆಳಿಗ್ಗೆ ಸಮುದ್ರತಳದ ಸ್ಪಾಂಜ್ ಕೀಳಲು ಇಳಿಯುವಾಗ ನನ್ನದನ್ನೇ ಕಟ್ಟಿಕೊಂಡ — 38 ಮೀಟರ್. ಮೇಲೆ ಬರುವಷ್ಟರಲ್ಲಿ ಬ್ಯಾಟರಿ ಚಿಹ್ನೆ ಮಿನುಗುತ್ತಿತ್ತು. ಎಲ್ಲರ ಮುಂದೆ ಮುಚ್ಚಳ ತಿರುಗಿಸಿ, ಹೊಸ ಬಿಲ್ಲೆ ಹಾಕಿ, ರಬ್ಬರ್ ರಿಂಗಿಗೆ ಗ್ರೀಸ್ ಸವರಿ ಮುಚ್ಚಿದೆ. ಎರಡೇ ನಿಮಿಷ. ನಿನ್ನದರಲ್ಲಿ ಇದು ಆಗುತ್ತಾ ಅಂತ ಕೇಳಿದೆ. ಪೆಚ್ಚಾದ. ಈಗ ಅದನ್ನೇ ಕಟ್ಟಿಕೊಂಡು ಎರಡನೇ ಸಲ ಇಳಿದಿದ್ದಾನೆ. ಇವತ್ತು ಊಟ ರುಚಿಸುತ್ತದೆ.

ಜೂನ್ 11
ಮೊನ್ನೆ ಮೇಲೆ ಬಂದ ಅರ್ಧ ಗಂಟೆಗೆ ಅವನಿಗೆ ಸೊಂಟದ ಕೆಳಗೆ ಜೋಮು ಹಿಡಿಯಿತು. ನಿಲ್ಲಲಾಗಲಿಲ್ಲ. ಹೆಲಿಕಾಪ್ಟರ್... ಅಥೆನ್ಸ್... ಡೈವರ್‌ಗಳಿಗೆ ಚಿಕಿತ್ಸೆ ಕೊಡುವ ಒತ್ತಡದ ಕೋಣೆಯಲ್ಲಿ ಮಲಗಿಸಿದ್ದಾರೆ.
ನನ್ನ ಮಾಡೆಲ್‌ನಲ್ಲಿ ಬ್ಯಾಟರಿ ತೆಗೆದರೆ ಹಿಂದಿನ ಡೈವಿನ ಲೆಕ್ಕ ಅಳಿಸಿಹೋಗುತ್ತದೆ. ಬೆಳಗಿನ ಡೈವಿನಲ್ಲಿ ರಕ್ತಕ್ಕೆ ಸೇರಿದ ನೈಟ್ರೋಜನ್ ಅವನ ಮೈಯಲ್ಲಿ ಇನ್ನೂ ಇತ್ತು, ಯಂತ್ರಕ್ಕೆ ಗೊತ್ತಿರಲಿಲ್ಲ. ಆ ದಿನ ಮೊದಲ ಸಲ ಇಳಿಯುವವನಿಗೆ ಕೊಡುವಷ್ಟು ಹೊತ್ತು ಕೊಟ್ಟಿತು; ಮೇಲೆ ಬಂದಾಗ ಆ ನೈಟ್ರೋಜನ್ ಗುಳ್ಳೆಯೆದ್ದು ನರಕ್ಕೆ ಹೊಡೆಯಿತು. ಡೈವ್ ಮುಗಿಸಿ ಒಂದು ದಿನ ಬಿಟ್ಟು ಬ್ಯಾಟರಿ ಬದಲಿಸಿ — ಗಿರಾಕಿಗಳಿಗೆಲ್ಲ ಹೇಳುವವಳು ನಾನೇ. ಹಾಳು ಕೈ.

ಜೂನ್ 14
ಅಪ್ಪನ ಬಲಗಾಲು ಇದೇ ಕಸುಬಿನಲ್ಲಿ ಹೋದದ್ದು. "ನಮಗೆ ಹೇಳೋಕೆ ಯಾವ ಯಂತ್ರಾನೂ ಇರ್ಲಿಲ್ಲ. ಇವನಿಗೆ ಇತ್ತಲ್ಲ, ಚಾರ್ಜ್ ಮಾಡೋಕೇನು ಧಾಡಿ?" ಅಂದರು. ಊರಿಗೆ ಊರೇ ಹಾಗೇ ಅನ್ನುತ್ತಿದೆ. ಆಸ್ಪತ್ರೆಯಿಂದ ಫೋನಿನಲ್ಲಿ ಅವನೂ ಅದನ್ನೇ ಅಂದ. ಬ್ಯಾಟರಿ ತೆಗೆದಾಗ ಲೆಕ್ಕ ಅಳಿಸಿಹೋದದ್ದನ್ನು ನಾನು ಮುಚ್ಚಿಟ್ಟೆ.
ಇಬ್ಬರು ಬಂದು ಬಿಲ್ಲೆ ಬ್ಯಾಟರಿಯದ್ದೇ ಬೇಕೆಂದು ಕೇಳಿ ಕೊಂಡುಹೋದರು. ನಾಚಿಕೆಯಿಂದ ಸತ್ತುಹೋದೆ.

ಜೂನ್ 30
ಮನೆಗೆ ಬಂದ. ಎಡಗಾಲು ಎಳೆಯುತ್ತಾನೆ. ಇನ್ನು ನೀರಿಗೆ ಇಳಿಯುವ ಮಾತಿಲ್ಲ ಅಂದಿದ್ದಾರೆ ಡಾಕ್ಟರು. ಅವನು ನಂಬಿಲ್ಲ.

ಜುಲೈ 2, ಸಂಜೆ 5
ಕೋಲೂರಿಕೊಂಡು ಅಂಗಡಿಗೆ ಬಂದ. ತನ್ನ ಕಂಪ್ಯೂಟರ್ ಬಿಚ್ಚಿ ಮೇಜಿನ ಮೇಲಿಟ್ಟ.
"ಅಕ್ಕ, ಇದನ್ನ ಯಾರಿಗಾದ್ರೂ ಕೊಟ್ಬಿಡು. ನೀನು ಹೇಳಿದ್ದೇ ಸರಿ, ನಾನೇ ಕೇಳ್ಲಿಲ್ಲ. ಕಾಲು ಸರಿಹೋದ್ಮೇಲೆ ನಿನ್ನ ಥರದ್ದೇ ಕಟ್ಕೋತೀನಿ."
ಇನ್ನು ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಕೂಗಾಡುತ್ತಾನೆ ಅಂದುಕೊಂಡಿದ್ದೆ. ಇಲ್ಲ. ಮೊಣಕಾಲು ನೀವುತ್ತ ಕೂತ.
"ಹಾಗೆ ಮಾಡ್ಬಾರ್ದು ಅಂತ ನಿಂಗೆ ಗೊತ್ತಿತ್ತಾ?"
ಗೊತ್ತಿತ್ತು ಅಂದೆ.
"ಮತ್ತೆ?"
ಆ ಹೊತ್ತಿನಲ್ಲಿ ನಿನ್ನ ಪೆಚ್ಚು ಮೋರೆ ನೋಡುವುದೊಂದೇ ಬೇಕಾಗಿತ್ತು ಅಂತ ಹೇಗೆ ಹೇಳುವುದು? ಹೇಳಿದೆ. ಅವನು ಕೋಲಿಗೆ ತಡಕಾಡಿ ಎದ್ದ. ಮೆಟ್ಟಿಲ ಹತ್ತಿರ, ಹಿಡಿದುಕೊಳ್ಳಲಿ ಅಂತ ಕೈ ಚಾಚಿದೆ. ಅವನು ಗೋಡೆ ಹಿಡಿದು ಒಬ್ಬನೇ ಇಳಿದುಹೋದ.